ಬೀಗದ ಕೈ ಯಾರ ಕೈಗೆ? ಡೆಬಿಯನ್ ಹೊಸಬರನ್ನು ಒಳಗೆ ಬಿಟ್ಟುಕೊಳ್ಳುವ ಬಗೆ

ಡೆಬಿಯನ್ ಎಂಬ ಲಿನಕ್ಸ್ ಆಧಾರಿತ ಮುಕ್ತ ಆಪರೇಟಿಂಗ್ ಸಿಸ್ಟಂ ಹಾಕಿಕೊಂಡ ಕಂಪ್ಯೂಟರಿನಲ್ಲಿ ‘ಆಪ್ಟ್’ ಆಜ್ಞೆ ಕೊಟ್ಟು ಒಂದು ಫಾಂಟನ್ನೋ ಪುಟ್ಟ ಆಟವನ್ನೋ ಇಳಿಸಿಕೊಳ್ಳುತ್ತೀರಿ ಎನ್ನಿ. ಹೀಗೆ ಇಳಿಯುವ ತಂತ್ರಾಂಶದ ಕಟ್ಟಿಗೆ ಪ್ಯಾಕೇಜ್ ಎನ್ನುತ್ತಾರೆ. ಆ ಪ್ಯಾಕೇಜಿನೊಳಗೆ ‘ಪೋಸ್ಟ್‌ಇನ್ಸ್ಟ್’ ಎಂಬ ಚಿಕ್ಕ ಸ್ಕ್ರಿಪ್ಟ್ ಇದ್ದರೆ, ಫೈಲುಗಳೆಲ್ಲ ತಮ್ಮ ತಮ್ಮ ಜಾಗ ಸೇರಿದ ಮೇಲೆ ಅದು ತಾನಾಗಿಯೇ ಓಡುತ್ತದೆ. ಅದೂ ರೂಟ್ ಅಧಿಕಾರದಲ್ಲಿ, ಅಂದರೆ ಇಡೀ ಯಂತ್ರದ ಮೇಲಿನ ಪೂರ್ಣ ಅಧಿಕಾರದಲ್ಲಿ. ಡಿಸ್ಕ್ ಅಳಿಸಲಿಕ್ಕೆ, ಪಾಸ್‌ವರ್ಡ್ ಫೈಲ್ ಓದಲಿಕ್ಕೆ, ಹೊಸ ಬಳಕೆದಾರನನ್ನು ಸೇರಿಸಲಿಕ್ಕೆ ಅದು ನಿಮ್ಮ ಅಪ್ಪಣೆ ಕೇಳುವುದಿಲ್ಲ. ಅದನ್ನು ಬರೆದವರು ಸಾಮಾನ್ಯವಾಗಿ ಯಾವ ಕಂಪನಿಯ ಸಂಬಳದವರೂ ಅಲ್ಲ, ಬಿಡುವಿನಲ್ಲಿ ಕೆಲಸ ಮಾಡುವ ಸ್ವಯಂಸೇವಕರು. ಡೆಬಿಯನ್‌ಗೆ ಸುಮಾರು 1,000 ಸದಸ್ಯರಿದ್ದಾರೆ. ಅವರಲ್ಲಿ ಬಹುಪಾಲು ಜನ ಈಗಾಗಲೇ ಭಂಡಾರದಲ್ಲಿರುವ ಯಾವ ಪ್ಯಾಕೇಜನ್ನು ಬೇಕಾದರೂ ಅಪ್‌ಲೋಡ್ ಮಾಡಬಲ್ಲರು. ಅವರು ಸಹಿ ಹಾಕಿ ಕಳಿಸಿದ್ದನ್ನು ಸರ್ವರ್ ಎರಡನೆಯವರನ್ನು ಕೇಳದೆ ತೆಗೆದುಕೊಳ್ಳುತ್ತದೆ.

ಹಾಗಾಗಿ ‘ಸದಸ್ಯತ್ವ’ ಎಂಬ ಮಾತು ಇಲ್ಲಿ ಸಂಘದ ರಸೀದಿ ಪುಸ್ತಕದ ಮಾತಲ್ಲ. ಲೆಕ್ಕವಿಲ್ಲದಷ್ಟು ಮನೆಗಳ ಬೀಗದ ಕೈಯನ್ನು, ಮುಖ ನೋಡದ ಒಬ್ಬರಿಗೆ ಕೊಡುವ ಮಾತು. ಕೊಡುವ ಮೊದಲು ಏನೇನು ನೋಡುತ್ತಾರೆ, ನೋಡಿದ್ದರಿಂದ ಏನು ತಿಳಿಯುತ್ತದೆ, ಏನು ತಿಳಿಯುವುದೇ ಇಲ್ಲ ಎಂಬುದನ್ನು ವಿವರವಾಗಿ ನೋಡೋಣ. ಬೇರೆ ಯೋಜನೆಗಳಲ್ಲಿ ಹೆಚ್ಚಾಗಿ ಬಾಯಿಮಾತಿನಲ್ಲಿ ನಡೆಯುವುದನ್ನೆಲ್ಲ ಡೆಬಿಯನ್ ಬರೆದಿಟ್ಟಿದೆ. ಆದ್ದರಿಂದ ಉದಾಹರಣೆಗೆ ಅದೇ ಅನುಕೂಲ.

ಇಯಾನ್ ಮುರ್ಡಾಕ್ 1993ರ ಆಗಸ್ಟ್‌ನಲ್ಲಿ ಡೆಬಿಯನ್ ಶುರು ಮಾಡಿದಾಗ ಇಷ್ಟೆಲ್ಲ ಕಟ್ಟುನಿಟ್ಟು ಇರಲಿಲ್ಲ. ಕೆಲಸ ಮಾಡುತ್ತೇನೆ ಎಂದವರಿಗೆ ಕೆಲಸ ಕೊಡುತ್ತಿದ್ದರು. ಜನ ಹೆಚ್ಚಾದಂತೆ ಗುಣಮಟ್ಟದ ಚಿಂತೆಯೂ ಬಂತು, ಅರ್ಜಿ ನೋಡುವವರೂ ಸುಸ್ತಾದರು. 1999ರ ಕೊನೆಯ ಹೊತ್ತಿಗೆ ಹೊಸಬರನ್ನು ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿದರು. 2000ದಲ್ಲಿ ಬಾಗಿಲು ಮತ್ತೆ ತೆರೆದಾಗ ಗುರುತಿನ ಪರಿಶೀಲನೆ, ತತ್ವದ ಪರೀಕ್ಷೆ, ಕೌಶಲದ ಪರೀಕ್ಷೆ ಎಂಬ ಮೂರು ಕಟ್ಟುಗಳ ಹೊಸ ವ್ಯವಸ್ಥೆ ಬಂದಿತ್ತು. ಈಗಿನದು ಅದರದೇ ತಿದ್ದಿದ ರೂಪ.

ಅರ್ಜಿಗಿಂತ ಮೊದಲಿನ ಕೆಲಸ

ಹೊಸಬರು ಹೆಚ್ಚಾಗಿ ತಪ್ಪು ತಿಳಿಯುವುದು ಇಲ್ಲೇ. ಅರ್ಜಿ ಹಾಕಿದ ಮೇಲೆ ಪರೀಕ್ಷೆ ಶುರುವಾಗುತ್ತದೆ ಎಂದುಕೊಳ್ಳುತ್ತಾರೆ. ನಿಜಕ್ಕೂ ಅರ್ಜಿ ಹಾಕುವ ಹೊತ್ತಿಗೆ ಪರೀಕ್ಷೆಯ ಬಹುಪಾಲು ಮುಗಿದಿರುತ್ತದೆ. ಅದಕ್ಕೂ ಮುಂಚೆ ತಿಂಗಳುಗಟ್ಟಲೆ ಅಪ್‌ಲೋಡ್ ಹಕ್ಕಿಲ್ಲದೆ ಕೆಲಸ ಮಾಡಿರಬೇಕು.

ಕನ್ನಡದ ಒಂದು ಹೊಸ ಫಾಂಟನ್ನು ಡೆಬಿಯನ್‌ಗೆ ಸೇರಿಸುವ ಉದಾಹರಣೆ ತೆಗೆದುಕೊಳ್ಳೋಣ. ಗುಬ್ಬಿ, ನವಿಲು ಫಾಂಟ್‌ಗಳು ಈಗಾಗಲೇ ಅಲ್ಲಿವೆ, ಆದ್ದರಿಂದ ದಾರಿ ಸವೆದದ್ದೇ. ಮೊದಲು ‘ಇದನ್ನು ಪ್ಯಾಕೇಜ್ ಮಾಡುವ ಇರಾದೆ ನನಗಿದೆ’ ಎಂದು ಬಗ್ ಟ್ರ್ಯಾಕರಿನಲ್ಲಿ, ಅಂದರೆ ದೋಷ ಮತ್ತು ಕೋರಿಕೆಗಳ ಸಾರ್ವಜನಿಕ ಪಟ್ಟಿಯಲ್ಲಿ, ಒಂದು ಬಗ್ ತೆರೆಯಬೇಕು. ಇದಕ್ಕೆ ಐಟಿಪಿ ಎನ್ನುತ್ತಾರೆ. ಇಬ್ಬರು ಒಂದೇ ಕೆಲಸಕ್ಕೆ ಕೈ ಹಾಕುವುದು ಇದರಿಂದ ತಪ್ಪುತ್ತದೆ. ಆಮೇಲೆ ಪ್ಯಾಕೇಜ್ ಕಟ್ಟಿ, ಹೊಸಬರಿಗೆಂದೇ ಇರುವ ಮೆಂಟರ್ಸ್ ಸರ್ವರಿಗೆ ಏರಿಸಿ, ‘ಯಾರಾದರೂ ನೋಡಿ ಅಪ್‌ಲೋಡ್ ಮಾಡಿಕೊಡಿ’ ಎಂದು ಇನ್ನೊಂದು ಬಗ್ ಹಾಕಬೇಕು. ಅದು ಆರ್‌ಎಫ್‌ಎಸ್. ಒಪ್ಪಿ ಮುಂದೆ ಬಂದ ಸದಸ್ಯರೇ ಸ್ಪಾನ್ಸರ್. ಇಲ್ಲಿ ಸ್ಪಾನ್ಸರ್ ಎಂದರೆ ದುಡ್ಡು ಕೊಡುವವರಲ್ಲ, ತಮ್ಮ ಸಹಿ ಕೊಡುವವರು.

ಸಹಿ ತಮ್ಮದಾದ್ದರಿಂದ ಸ್ಪಾನ್ಸರ್ ಸುಮ್ಮನೆ ಬಿಡುವುದಿಲ್ಲ. ಪ್ಯಾಕೇಜನ್ನು ಶುದ್ಧ ಪರಿಸರದಲ್ಲಿ, ಅಂದರೆ ಕಡ್ಡಾಯ ಸಾಮಗ್ರಿಯ ಹೊರತು ಬೇರೇನೂ ಇಲ್ಲದ ಖಾಲಿ ಡೆಬಿಯನ್‌ನಲ್ಲಿ ಕಟ್ಟಿ ನೋಡುತ್ತಾರೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಸಲೀಸಾಗಿ ಕಟ್ಟಿದ್ದು ಇಲ್ಲಿ ಮುರಿದು ಬೀಳುವುದು ಮಾಮೂಲು. ನೀವು ಯಾವತ್ತೋ ಹಾಕಿಕೊಂಡ ಒಂದು ಉಪಕರಣವನ್ನು ‘ಕಟ್ಟಲು ಬೇಕಾದವು’ ಪಟ್ಟಿಯಲ್ಲಿ ಬರೆಯಲು ಮರೆತಿರುತ್ತೀರಿ. ಆಮೇಲೆ ಲಿಂಟಿಯನ್ ಎಂಬ ತಪಾಸಣೆ ಪ್ರೋಗ್ರಾಂ ಓಡಿಸುತ್ತಾರೆ. ಬದಲಾವಣೆಗಳನ್ನು ಪಟ್ಟಿ ಮಾಡುವ ಚೇಂಜ್‌ಲಾಗಿನಲ್ಲಿ ಐಟಿಪಿ ಬಗ್ ಮುಚ್ಚುವ ಸಾಲು ಇದೆಯೇ, ಹೊಸ ಆವೃತ್ತಿ ಬಂದರೆ ಪತ್ತೆಹಚ್ಚುವ ‘ವಾಚ್’ ಫೈಲ್ ಸರಿಯಿದೆಯೇ ನೋಡುತ್ತಾರೆ.

ಇವೆಲ್ಲ ಅರ್ಧ ಗಂಟೆಯಲ್ಲಿ ತಿದ್ದಬಹುದಾದ ತಪ್ಪುಗಳು. ಜನ ಎಡವುವುದು ‘ಕಾಪಿರೈಟ್’ ಎಂಬ ಪುಟ್ಟ ಫೈಲಿನಲ್ಲಿ. ಮೂಲದಲ್ಲಿರುವ ಫೈಲುಗಳು ಯಾರ ಹಕ್ಕಿಗೆ ಸೇರಿದವು, ಯಾವ ಪರವಾನಗಿಯಲ್ಲಿವೆ ಎಂದು ಅಲ್ಲಿ ಬರೆಯಬೇಕು. ಹೊಸಬರು ಮುಖಪುಟದ ಲೈಸೆನ್ಸ್ ನೋಡಿ ಒಂದೇ ಸಾಲು ಬರೆದುಬಿಡುತ್ತಾರೆ. ಒಳಗಿನ ಫೋಲ್ಡರಿನಲ್ಲಿ ಬೇರೆಯವರ ಜಾವಾಸ್ಕ್ರಿಪ್ಟ್ ಕೂತಿರುತ್ತದೆ, ಇನ್ನೊಂದರಲ್ಲಿ ಯಾವುದೋ ವಿಶ್ವವಿದ್ಯಾಲಯದ ಹೆಸರಿರುತ್ತದೆ. ಫಾಂಟ್ ವಿಷಯದಲ್ಲಿ ಇನ್ನೂ ಒಂದು ತೊಡಕು: ಟಿಟಿಎಫ್ ಫೈಲ್ ಮಾತ್ರ ಕೊಟ್ಟು, ಅಕ್ಷರಗಳನ್ನು ತಿದ್ದಲು ಬೇಕಾದ ಮೂಲ ಫೈಲ್ ಕೊಡದಿದ್ದರೆ ‘ಸೋರ್ಸ್ ಎಲ್ಲಿ?’ ಎಂಬ ಪ್ರಶ್ನೆ ಏಳುತ್ತದೆ. ಕನ್ನಡದಲ್ಲಿ ‘ಉಚಿತ’ ಬೇರೆ, ‘ಮುಕ್ತ’ ಬೇರೆ. ಇಂಗ್ಲಿಷಿನವರಿಗೆ ಎರಡಕ್ಕೂ ಒಂದೇ ಪದವಾಗಿ ಗೊಂದಲವಾದರೆ ಅರ್ಥವಾಗುತ್ತದೆ. ಎರಡು ಪದ ಇಟ್ಟುಕೊಂಡೂ ನಾವು ಗೊಂದಲ ಮಾಡಿಕೊಳ್ಳುತ್ತೇವೆ. ಪುಕ್ಕಟೆ ಇಳಿಸಿಕೊಳ್ಳಬಹುದಾದ ಎಷ್ಟೋ ಹಳೆಯ ಕನ್ನಡ ಫಾಂಟ್‌ಗಳಲ್ಲಿ ಬದಲಿಸಿ ಹಂಚುವ ಹಕ್ಕಿನ ಮಾತೇ ಇರುವುದಿಲ್ಲ. ಅಂಥವು ಡೆಬಿಯನ್‌ನ ಮುಖ್ಯ ಭಂಡಾರದ ಹೊಸ್ತಿಲು ದಾಟವು.

ಸ್ಪಾನ್ಸರ್ ಒಪ್ಪಿದರೂ ಹೊಸ ಪ್ಯಾಕೇಜ್ ನೇರವಾಗಿ ಒಳಗೆ ಹೋಗುವುದಿಲ್ಲ. ‘ನ್ಯೂ’ ಎಂಬ ಸರತಿಯಲ್ಲಿ ನಿಲ್ಲುತ್ತದೆ. ಇದಕ್ಕೆಂದೇ ಇರುವ ತಂಡವೊಂದು ಮುಖ್ಯವಾಗಿ ಅದೇ ಕಾಪಿರೈಟ್ ಫೈಲನ್ನು ಮತ್ತೆ ನೋಡುತ್ತದೆ. ಕೆಲವು ದಿನವೂ ಆಗಬಹುದು, ಕೆಲವು ತಿಂಗಳೂ ಆಗಬಹುದು. ಈ ಕಾಯುವಿಕೆಯಲ್ಲಿ ನೀವು ಹೇಗಿರುತ್ತೀರಿ ಎಂಬುದೂ ಮುಂದೆ ನಿಮ್ಮ ಪರ ಮಾತಾಡಬೇಕಾದವರ ಕಣ್ಣಿಗೆ ಬೀಳುತ್ತದೆ. ಟೀಕೆಯನ್ನು ಹೇಗೆ ತೆಗೆದುಕೊಳ್ಳುತ್ತೀರಿ, ತಪ್ಪು ತೋರಿಸಿದರೆ ಎಷ್ಟು ದಿನದಲ್ಲಿ ತಿದ್ದುತ್ತೀರಿ, ಬಗ್ ಹಾಕಿದವರ ಜೊತೆ ಹೇಗೆ ಮಾತಾಡುತ್ತೀರಿ ಎಂಬುದೆಲ್ಲ ಸಾರ್ವಜನಿಕವಾಗಿ ಉಳಿಯುವ ದಾಖಲೆ. ಪ್ರತ್ಯೇಕವಾಗಿ ‘ಸ್ವಭಾವ ಪರೀಕ್ಷೆ’ ಎಂದು ಯಾರೂ ಮಾಡುವುದಿಲ್ಲ. ಮಾಡಬೇಕಾಗಿಯೂ ಇಲ್ಲ.

ನಡುವಿನ ಮೆಟ್ಟಿಲು

ಪ್ರತಿ ಸಣ್ಣ ತಿದ್ದುಪಡಿಗೂ ಸ್ಪಾನ್ಸರ್ ಹುಡುಕುವುದು ಇಬ್ಬರಿಗೂ ಹಿಂಸೆ. ಅದಕ್ಕೆಂದು 2007ರಲ್ಲಿ ಸದಸ್ಯರ ಮತದಾನದ ಮೂಲಕ ಡೆಬಿಯನ್ ಮೇಂಟೇನರ್, ಅಂದರೆ ಡಿಎಂ ಎಂಬ ಮಧ್ಯದ ಸ್ಥಾನ ತಂದರು. ಡಿಎಂ ಆದವರು ತಮಗೆ ಅನುಮತಿಯಿರುವ ಪ್ಯಾಕೇಜುಗಳನ್ನು ಮಾತ್ರ ತಾವೇ ಅಪ್‌ಲೋಡ್ ಮಾಡಬಹುದು. ಅನುಮತಿಯನ್ನು ಪೂರ್ಣ ಸದಸ್ಯರೊಬ್ಬರು, ಅಂದರೆ ಡೆಬಿಯನ್ ಡೆವಲಪರ್ ಅಥವಾ ಡಿಡಿ, ಪ್ಯಾಕೇಜ್ ಹೆಸರು ಹಿಡಿದು ಒಂದೊಂದಾಗಿ ಕೊಡುತ್ತಾರೆ. ಕೊಟ್ಟದ್ದನ್ನು ಹಿಂದಕ್ಕೂ ಪಡೆಯಬಹುದು. ಹೊಚ್ಚಹೊಸ ಪ್ಯಾಕೇಜ್ ಸೇರಿಸುವ ಹಕ್ಕು ಡಿಎಂಗೆ ಇಲ್ಲ, ಮತದಾನದ ಹಕ್ಕೂ ಇಲ್ಲ.

ಇಡೀ ವ್ಯವಸ್ಥೆಯಲ್ಲಿ ಅತಿ ಜಾಣತನದ ಭಾಗ ಇದೇ. ಒಬ್ಬರನ್ನು ನಂಬಬಹುದೇ ಎಂಬ ಪ್ರಶ್ನೆಗೆ ಹೌದು-ಅಲ್ಲ ಎಂಬ ಉತ್ತರ ಹುಡುಕುವುದರ ಬದಲು ‘ಈ ಎರಡು ಪ್ಯಾಕೇಜುಗಳ ಮಟ್ಟಿಗೆ ನಂಬಬಹುದೇ?’ ಎಂದು ಕೇಳುತ್ತಾರೆ. ಕೆಟ್ಟರೆ ಕೆಡುವುದು ಅಷ್ಟೇ. ಬಾಡಿಗೆಗೆ ಬಂದವರಿಗೆ ಮೊದಲು ಹೊರಗಿನ ಕೋಣೆಯ ಬೀಗದ ಕೈ ಕೊಟ್ಟ ಹಾಗೆ.

ಕೀ, ಗುರುತಿನ ಚೀಟಿ, ಇನಿಷಿಯಲ್

ಅಪ್‌ಲೋಡ್ ಎಂದರೆ ನಿಮ್ಮ ಜಿಪಿಜಿ ಕೀಯಿಂದ ಸಹಿ ಮಾಡಿದ ಫೈಲ್ ಕಳಿಸುವುದು. ಡಿಜಿಟಲ್ ಸಹಿಗೆ ಬಳಸುವ ಈ ಕೀ ಒಂದು ಜೋಡಿ: ಸಹಿ ಹಾಕಲು ನಿಮ್ಮ ಬಳಿಯೇ ಇರುವ ಖಾಸಗಿ ಭಾಗ, ಸಹಿ ತಾಳೆ ನೋಡಲು ಎಲ್ಲರಿಗೂ ಕೊಡುವ ಸಾರ್ವಜನಿಕ ಭಾಗ. ಆ ಕೀ ಡೆಬಿಯನ್‌ನ ಕೀರಿಂಗಿನಲ್ಲಿ, ಅಂದರೆ ಒಪ್ಪಿತ ಕೀಗಳ ಸಂಗ್ರಹದಲ್ಲಿ, ಇದ್ದರೆ ಸರ್ವರ್ ತೆಗೆದುಕೊಳ್ಳುತ್ತದೆ, ಇಲ್ಲದಿದ್ದರೆ ಎಸೆಯುತ್ತದೆ. ಆದ್ದರಿಂದ ‘ಈ ಕೀ ಇದೇ ವ್ಯಕ್ತಿಯದು’ ಎಂದು ಯಾರಾದರೂ ಪ್ರಮಾಣಿಸಬೇಕು. ಡಿಎಂ ಆಗಲು ಕನಿಷ್ಠ ಒಬ್ಬ ಡಿಡಿಯ, ಡಿಡಿ ಆಗಲು ಕನಿಷ್ಠ ಇಬ್ಬರು ಡಿಡಿಗಳ ಸಹಿ ಆ ಕೀ ಮೇಲೆ ಇರಬೇಕು ಎಂಬುದು ಮೂಲ ನಿಯಮ. ಆರ್‌ಎಸ್‌ಎ ಎಂಬ ಬಗೆಯದಾದರೆ 4096 ಬಿಟ್‌ನ ಕೀ ಮಾಡಿಕೊಳ್ಳುವುದು ರೂಢಿ. ಹಳೆಯ 1024 ಬಿಟ್ ಕೀಗಳನ್ನು 2015ರ ಆರಂಭದಲ್ಲಿ ಕೀರಿಂಗಿನಿಂದ ತೆಗೆದುಹಾಕಿದರು. ಅವುಗಳ ಒಡೆಯರಲ್ಲಿ ಹಳೆಯ ಹುಲಿಗಳೂ ಇದ್ದರು, ವಿನಾಯಿತಿ ಸಿಗಲಿಲ್ಲ.

ಕೀಗೆ ಸಹಿ ಹಾಕಿಸಿಕೊಳ್ಳುವುದು ಹೀಗೆ. ಕೀಯ ಫಿಂಗರ್‌ಪ್ರಿಂಟ್ 40 ಅಂಕಿ-ಅಕ್ಷರಗಳ ಸಾಲು, ನಾಲ್ಕು ನಾಲ್ಕರಂತೆ ಹತ್ತು ಗುಂಪು. ಅದನ್ನು ಚೀಟಿಗಳಲ್ಲಿ ಮುದ್ರಿಸಿಕೊಂಡು ಹೋಗಬೇಕು. ಎದುರಿನವರು ನಿಮ್ಮ ಪಾಸ್‌ಪೋರ್ಟನ್ನೋ ಸರ್ಕಾರಿ ಗುರುತಿನ ಚೀಟಿಯನ್ನೋ ನೋಡಿ, ಮುಖಕ್ಕೆ ಹೋಲಿಸಿ, ಚೀಟಿ ಇಟ್ಟುಕೊಳ್ಳುತ್ತಾರೆ. ಅಲ್ಲೇ ಲ್ಯಾಪ್‌ಟಾಪ್ ತೆಗೆದು ಸಹಿ ಹಾಕುವುದು ಒಳ್ಳೆಯ ರೂಢಿಯಲ್ಲ. ಮನೆಗೆ ಹೋಗಿ, ಕೀ ಇಳಿಸಿಕೊಂಡು, 40 ಅಕ್ಷರ ತಾಳೆ ನೋಡಿ, ಕೀಯಲ್ಲಿರುವ ಒಂದೊಂದು ಇಮೇಲಿಗೂ ಬೇರೆ ಬೇರೆ ಸಹಿ ಮಾಡಿ, ಗುಪ್ತಲಿಪಿಯಲ್ಲಿ ಆಯಾ ವಿಳಾಸಕ್ಕೆ ಕಳಿಸುತ್ತಾರೆ. ಈ ಕೆಲಸಕ್ಕೆ ‘ಕ್ಯಾಫ್’ ಎಂಬ ಉಪಕರಣವಿದೆ. ಆ ಇಮೇಲ್ ನಿಮ್ಮದೇ ಆಗಿದ್ದು, ಖಾಸಗಿ ಕೀಯೂ ನಿಮ್ಮ ಬಳಿಯೇ ಇದ್ದರೆ ಮಾತ್ರ ಸಹಿ ಬಿಚ್ಚಿಕೊಳ್ಳುತ್ತದೆ. ಒಂದೇ ಏಟಿಗೆ ಮುಖ, ಹೆಸರು, ಇಮೇಲ್, ಕೀ ನಾಲ್ಕೂ ತಾಳೆಯಾದಂತೆ.

ನಮ್ಮ ಕಡೆಯವರಿಗೆ ಇಲ್ಲಿ ಎರಡು ವಿಶೇಷ ತಲೆನೋವು. ಮೊದಲನೆಯದು ಹೆಸರು. ಕೀ ಮಾಡುವಾಗ ‘ಮಂಜುನಾಥ ಕೆ. ಎಸ್.’ ಎಂದು ಬರೆದಿರುತ್ತೀರಿ. ಪಾಸ್‌ಪೋರ್ಟಿನಲ್ಲಿ ಊರ ಹೆಸರು, ತಂದೆಯ ಹೆಸರು ಎಲ್ಲ ಬಿಡಿಸಿ ಮುಂದೆ ಬಂದಿರುತ್ತದೆ, ಆಧಾರ್‌ನಲ್ಲಿ ಇನ್ನೊಂದು ಕಾಗುಣಿತ. ಇನಿಷಿಯಲ್ ಎಂದರೆ ಏನೆಂದೇ ಗೊತ್ತಿಲ್ಲದ ಜರ್ಮನಿಯವರೊಬ್ಬರು ಚೀಟಿ ಹಿಡಿದು ನೋಡಿ ‘ಇದು ನೀವೇನಾ?’ ಎಂದು ಅನುಮಾನಿಸಿದರೆ ಅವರದು ತಪ್ಪಲ್ಲ. ಕೀ ಮಾಡುವ ಮೊದಲೇ ನೀವು ತೋರಿಸಲಿರುವ ಗುರುತಿನ ಚೀಟಿಯನ್ನು ಮುಂದಿಟ್ಟುಕೊಂಡು, ಅದರಲ್ಲಿರುವಂತೆಯೇ ಹೆಸರು ಹಾಕುವುದು ಕ್ಷೇಮ. ಆಮೇಲೆ ಹೆಸರು ತಿದ್ದಿದರೆ ಹಳೆಯ ಸಹಿಗಳು ಹೊಸ ಹೆಸರಿಗೆ ದಾಟುವುದಿಲ್ಲ.

ಎರಡನೆಯದು ದೂರ. ಯುರೋಪಿನ ಊರುಗಳಲ್ಲಿ ರೈಲು ಹತ್ತಿದರೆ ಡಿಡಿ ಸಿಗುತ್ತಾರೆ. ಇಲ್ಲಿ ಇಬ್ಬರನ್ನು ಹುಡುಕುವುದೇ ಯಾತ್ರೆ. 2023ರ ಸೆಪ್ಟೆಂಬರಿನಲ್ಲಿ ಡೆಬಿಯನ್‌ನ ವಾರ್ಷಿಕ ಸಮ್ಮೇಳನ ಡೆಬ್‌ಕಾನ್ ಕೊಚ್ಚಿಯಲ್ಲಿ ನಡೆದದ್ದು ಈ ದೃಷ್ಟಿಯಿಂದಲೂ ದೊಡ್ಡ ಅನುಕೂಲ. ವೀಸಾ, ವಿಮಾನದ ಗೊಡವೆಯಿಲ್ಲದೆ ಒಂದೇ ಕಡೆ ಹಲವು ದೇಶಗಳ ಡಿಡಿಗಳು ಸಿಕ್ಕರು. ಮುಖಾಮುಖಿ ಭೇಟಿ ಆಗದವರಿಗೆ ಈಗ ಬೇರೆ ದಾರಿಯೂ ಇದೆ: ‘ಇದೇ ಕೀಯಿಂದ ಸಹಿ ಮಾಡಿದ ಕೆಲಸವನ್ನು ಇಷ್ಟು ಕಾಲದಿಂದ ನೋಡುತ್ತ ಬಂದಿದ್ದೇನೆ’ ಎಂದು ಡಿಡಿಯೊಬ್ಬರು ಆ ಕೀಯನ್ನು ಅನುಮೋದಿಸಬಹುದು.

ಇನ್ನೊಂದು ಚಿಕ್ಕ ಆದರೆ ಪದೇ ಪದೇ ಆಗುವ ಎಡವಟ್ಟು: ಸಹಿ ಇಮೇಲಿನಲ್ಲಿ ಬಂದಿರುತ್ತದೆ, ಅದನ್ನು ಕೀಗೆ ಸೇರಿಸಿ ಮತ್ತೆ ಕೀಸರ್ವರಿಗೆ, ಅಂದರೆ ಸಾರ್ವಜನಿಕ ಕೀಗಳನ್ನು ಎಲ್ಲರಿಗೂ ಸಿಗುವಂತೆ ಇಡುವ ಸರ್ವರಿಗೆ, ಕಳಿಸಲು ಮರೆತಿರುತ್ತಾರೆ. ಅಥವಾ ಬೇರೆಯವರ ಸಹಿಗಳನ್ನು ಹಂಚದೆ ಕತ್ತರಿಸಿಬಿಡುವ ಕೀಸರ್ವರಿಗೆ ಕಳಿಸಿರುತ್ತಾರೆ. ಈಗ ಬಹಳ ಮಂದಿ ಬಳಸುವ ಕೀಸ್ ಓಪನ್‌ಪಿಜಿಪಿ ಸರ್ವರ್ ಮಾಡುವುದು ಅದನ್ನೇ. ‘ಸಹಿ ಇದೆ’ ಎಂದು ನೀವು, ‘ಕಾಣುತ್ತಿಲ್ಲ’ ಎಂದು ಅವರು. ಹೀಗೆ ವಾರಗಳು ಕಳೆಯುತ್ತವೆ.

ಆದರೆ ಈ ಗುರುತಿನ ಪರೀಕ್ಷೆಯನ್ನು ಅದರ ಯೋಗ್ಯತೆಗಿಂತ ಮೇಲೆ ಕೂರಿಸಬಾರದು. 2006ರಲ್ಲಿ ಮೆಕ್ಸಿಕೊದಲ್ಲಿ ನಡೆದ ಡೆಬ್‌ಕಾನ್‌ನಲ್ಲಿ ಡಿಡಿಯೊಬ್ಬರು ಯಾವ ಸರ್ಕಾರವೂ ಕೊಡದ, ‘ಟ್ರಾನ್ಸ್‌ನ್ಯಾಷನಲ್ ರಿಪಬ್ಲಿಕ್’ ಎಂಬ ಕಲಾಯೋಜನೆಯಿಂದ ದುಡ್ಡು ಕೊಟ್ಟು ಪಡೆದ ಗುರುತಿನ ಚೀಟಿ ತೋರಿಸುತ್ತ ಹೋದರು. ಎಷ್ಟೋ ಮಂದಿ ಪ್ರಶ್ನೆಯೇ ಮಾಡಲಿಲ್ಲ. ಆಮೇಲೆ ಅವರೇ ಗುಟ್ಟು ಬಿಟ್ಟುಕೊಟ್ಟಾಗ ದೊಡ್ಡ ಜಗಳವಾಯಿತು. ಸಾಲಾಗಿ ನಿಂತು ನೂರು ಚೀಟಿ ನೋಡುವವರಿಗೆ ಹತ್ತು ದೇಶಗಳ ಪಾಸ್‌ಪೋರ್ಟಿನ ಅಸಲಿ-ನಕಲಿ ಹೇಗೆ ಗೊತ್ತಾಗಬೇಕು? ಚೀಟಿ ನಿಜವಾದರೂ ಅದು ಹೇಳುವುದು ಹೆಸರನ್ನು ಮಾತ್ರ. ಮನಸ್ಸಿನಲ್ಲಿ ಏನಿದೆ ಎಂಬುದನ್ನಲ್ಲ.

ಅರ್ಜಿ ಮತ್ತು ಪ್ರಶ್ನೆಗಳು

ಕೀ ಸಿದ್ಧವಾದ ಮೇಲೆ ಅರ್ಜಿ. ‘ಡೆಬಿಯನ್‌ನಲ್ಲಿ ಏನು ಮಾಡಿದ್ದೇನೆ, ಏಕೆ ಸೇರಬೇಕೆಂದಿದ್ದೇನೆ’ ಎಂಬ ಇರಾದೆಯ ಹೇಳಿಕೆ ಒಂದು. ಸಾಮಾಜಿಕ ಒಪ್ಪಂದ, ಮುಕ್ತ ತಂತ್ರಾಂಶದ ಮಾರ್ಗಸೂಚಿ, ಡೆಬಿಯನ್ ಯಂತ್ರಗಳ ಬಳಕೆಯ ನಿಯಮ ಮೂರನ್ನೂ ಓದಿ ಒಪ್ಪಿದ್ದೇನೆ ಎಂಬ ಹೇಳಿಕೆ ಇನ್ನೊಂದು. ಎರಡಕ್ಕೂ ನಿಮ್ಮ ಕೀಯಿಂದಲೇ ಸಹಿ. ಮೊದಲೆರಡು ದಾಖಲೆಗಳು 1997ರವು, ಮಾರ್ಗಸೂಚಿಯಲ್ಲಿ ಇರುವುದು ಹತ್ತೇ ಅಂಶ. ಹತ್ತು ನಿಮಿಷದಲ್ಲಿ ಓದಿ ಮುಗಿಯುತ್ತದೆ, ಅರಗಲು ಹೊತ್ತು ಬೇಕು.

ಆಮೇಲೆ ನಿಮ್ಮ ಪರ ಮಾತಾಡುವ ಡಿಡಿ ಬೇಕು. ಇವರಿಗೆ ಅಡ್ವೊಕೇಟ್ ಎನ್ನುತ್ತಾರೆ. ಒಬ್ಬರಾದರೂ ಇರಲೇಬೇಕು, ಇಬ್ಬರಿದ್ದರೆ ಮೇಲು. ‘ಒಳ್ಳೆಯ ಹುಡುಗ, ಚುರುಕಾಗಿದ್ದಾನೆ’ ಎಂಬ ಶಿಫಾರಸು ಇಲ್ಲಿ ನಡೆಯುವುದಿಲ್ಲ. ಯಾವ ಪ್ಯಾಕೇಜುಗಳನ್ನು ಸ್ಪಾನ್ಸರ್ ಮಾಡಿದೆ, ಎಷ್ಟು ಕಾಲದಿಂದ, ಈಚೆಗೆ ತಿದ್ದಲು ಏನಾದರೂ ಉಳಿಯುತ್ತಿತ್ತೇ, ಜನರೊಂದಿಗೆ ಹೇಗೆ ನಡೆದುಕೊಂಡರು ಎಂದು ಬರೆಯಬೇಕು. ಆ ಪತ್ರವೂ ಸಾರ್ವಜನಿಕ, ಅದಕ್ಕೂ ಸಹಿ. ಸ್ನೇಹಕ್ಕೆ ಕಟ್ಟುಬಿದ್ದು ಬರೆದರೆ ಮುಂದೆ ಆಡಿಕೊಳ್ಳುವವರಿಗೆ ಹೆಸರು ಸಮೇತ ಸಿಗುತ್ತದೆ.

ಇಲ್ಲಿಂದ ಫ್ರಂಟ್ ಡೆಸ್ಕ್ ಎಂಬ ತಂಡ ಕಾಗದಪತ್ರ ನೋಡಿ, ಅಪ್ಲಿಕೇಶನ್ ಮ್ಯಾನೇಜರ್ ಒಬ್ಬರನ್ನು ನೇಮಿಸುತ್ತದೆ. ಅವರೂ ಸ್ವಯಂಸೇವಕ ಸದಸ್ಯರೇ. ಅವರು ಇಮೇಲಿನಲ್ಲಿ ಪ್ರಶ್ನೆಗಳನ್ನು ಕಳಿಸುತ್ತಾರೆ. ಕೆಲವು ತತ್ವ ಮತ್ತು ಪದ್ಧತಿಗೆ ಸಂಬಂಧಿಸಿದ್ದು: ಮುಖ್ಯ ಭಂಡಾರಕ್ಕೂ ‘ಕಾಂಟ್ರಿಬ್’, ‘ನಾನ್‌ಫ್ರೀ’ ವಿಭಾಗಗಳಿಗೂ ವ್ಯತ್ಯಾಸವೇನು? ಬದಲಿಸಬಾರದ ಭಾಗಗಳಿರುವ ಕೈಪಿಡಿಯನ್ನು ಗ್ನೂ ಮುಕ್ತ ದಾಖಲಾತಿ ಪರವಾನಗಿಯಲ್ಲಿ ಕೊಟ್ಟರೆ ಅದನ್ನು ಎಲ್ಲಿ ಇಡುತ್ತೀರಿ? (2006ರ ಮತದಾನದ ಪ್ರಕಾರ ಅಂಥ ಭಾಗಗಳಿಲ್ಲದಿದ್ದರೆ ಮುಕ್ತ, ಇದ್ದರೆ ಅಲ್ಲ.) ಇನ್ನೊಬ್ಬರು ನೋಡಿಕೊಳ್ಳುವ ಪ್ಯಾಕೇಜಿನಲ್ಲಿ ಗಂಭೀರ ಬಗ್ ಇದೆ, ಅವರು ಉತ್ತರಿಸುತ್ತಿಲ್ಲ, ಏನು ಮಾಡುತ್ತೀರಿ? ಕೊನೆಯ ಪ್ರಶ್ನೆಗೆ ಒಳ್ಳೆಯ ಉತ್ತರವೆಂದರೆ: ಪ್ಯಾಚನ್ನು, ಅಂದರೆ ಕೋಡಿನ ತಿದ್ದುಪಡಿಯನ್ನು, ಬಗ್ ರಿಪೋರ್ಟಿಗೆ ಹಾಕಿ, ತಡೆದು ಬಿಡುವ ಸರತಿಗೆ ಕೆಲವು ದಿನಗಳ ಗಡುವಿನೊಂದಿಗೆ ಅಪ್‌ಲೋಡ್ ಮಾಡುವುದು. ಅಷ್ಟರೊಳಗೆ ಮೂಲ ಮೇಂಟೇನರ್ ಬೇಡವೆಂದರೆ ತೆಗೆಯಬಹುದು. ಹಕ್ಕು ಇದೆ ಎಂದು ನೇರವಾಗಿ ತಳ್ಳುವವರು ಪಾಸಾದರೂ ಅನುಮಾನ ಉಳಿಯುತ್ತದೆ.

ಉಳಿದ ಪ್ರಶ್ನೆಗಳು ಕೌಶಲದವು. ಹಲವು ವರ್ಷ ಕೆಲಸ ಮಾಡಿದವರಿಗೆ ಇವನ್ನು ಕಡಿಮೆ ಮಾಡುತ್ತಾರೆ. ಉತ್ತರವನ್ನು ಕೈಪಿಡಿಯಿಂದ ಎತ್ತಿ ಅಂಟಿಸಿದರೆ ತಕ್ಷಣ ಗೊತ್ತಾಗುತ್ತದೆ. ಸ್ವಂತ ಮಾತಿನಲ್ಲಿ ಬರೆದು, ‘ಇಂಥ ಬಗ್‌ನಲ್ಲಿ ಹೀಗೆ ಮಾಡಿದ್ದೆ’ ಎಂದು ತೋರಿಸುವುದು ಮೇಲು. ಅರ್ಜಿಗಳು ಸಾಯುವುದು ಬಹುತೇಕ ತಪ್ಪು ಉತ್ತರದಿಂದಲ್ಲ, ಮೌನದಿಂದ. ಒಮ್ಮೆ ಅರ್ಜಿದಾರರು ತಿಂಗಳುಗಟ್ಟಲೆ ಉತ್ತರಿಸುವುದಿಲ್ಲ, ಒಮ್ಮೆ ಮ್ಯಾನೇಜರೇ ಕಾಣೆಯಾಗುತ್ತಾರೆ. ‘ಆಗುವುದಿಲ್ಲ’ ಎಂದು ನೇರ ಹೇಳುವುದು ಅಪರೂಪ. ‘ಇನ್ನಷ್ಟು ದಿನ ಕೆಲಸ ಮಾಡಿ ಬನ್ನಿ’ ಎಂದು ತಡೆಹಿಡಿಯುವುದೇ ಹೆಚ್ಚು. ಈ ಸೌಜನ್ಯ ಕೆಲವೊಮ್ಮೆ ಖಂಡಿತ ಮಾತಿಗಿಂತ ಹೆಚ್ಚು ನೋಯಿಸುತ್ತದೆ. ಹಿಂದೆ ಈ ದಾರಿಯಲ್ಲಿ ವರ್ಷಗಟ್ಟಲೆ ಕಾದವರಿದ್ದಾರೆ.

ಮ್ಯಾನೇಜರ್ ವರದಿ ಬರೆದ ಮೇಲೆ ಅಂತಿಮ ತೀರ್ಮಾನ ಡೆಬಿಯನ್ ಅಕೌಂಟ್ ಮ್ಯಾನೇಜರುಗಳದು. ಡೆಬಿಯನ್‌ನ ಸಂವಿಧಾನದಲ್ಲಿ ಇಲ್ಲೊಂದು ಸೂಕ್ಷ್ಮ ಇದೆ: ಪ್ರತಿ ವರ್ಷ ಚುನಾಯಿತರಾಗುವ ಯೋಜನಾ ನಾಯಕರು ಈ ಮ್ಯಾನೇಜರುಗಳನ್ನು ನೇಮಿಸುತ್ತಾರೆ, ಆದರೆ ಯಾರನ್ನು ಸೇರಿಸಬೇಕು, ಯಾರನ್ನು ಹೊರಹಾಕಬೇಕು ಎಂದು ತಾವೇ ತೀರ್ಮಾನಿಸುವಂತಿಲ್ಲ. ಮತದಾರರ ಪಟ್ಟಿ ತಯಾರಿಸುವುದು ಗೆದ್ದವರ ಕೈಯಲ್ಲಿ ಇರಬಾರದಲ್ಲ. ಮ್ಯಾನೇಜರುಗಳ ತೀರ್ಮಾನ ಸರಿಯಿಲ್ಲವೆನಿಸಿದರೆ ಸದಸ್ಯರು ಸಾಮಾನ್ಯ ಮತದಾನದಿಂದ ಅದನ್ನು ತಳ್ಳಿಹಾಕಬಹುದು.

ಪ್ಯಾಕೇಜ್ ಕಟ್ಟದವರಿಗೂ ಬಾಗಿಲಿದೆ. ಅನುವಾದ, ದಾಖಲೆ ಬರವಣಿಗೆ, ಸಮ್ಮೇಳನ ನಡೆಸುವುದು ಇತ್ಯಾದಿ ಮಾಡುವವರೂ ಪೂರ್ಣ ಸದಸ್ಯರಾಗಬಹುದೆಂದು 2010ರಲ್ಲಿ ಮತ ಹಾಕಿ ಒಪ್ಪಿದರು. ಅವರಿಗೆ ಮತದಾನದ ಹಕ್ಕಿದೆ, ಅಪ್‌ಲೋಡ್ ಹಕ್ಕಿಲ್ಲ. ಪರೀಕ್ಷೆಯಲ್ಲಿ ಪ್ಯಾಕೇಜಿನ ಪ್ರಶ್ನೆಗಳಿಲ್ಲ, ಉಳಿದದ್ದೆಲ್ಲ ಅದೇ. ಡೆಬಿಯನ್ ಇನ್‌ಸ್ಟಾಲರಿನ ಸಾಲುಗಳನ್ನು ಕನ್ನಡಕ್ಕೆ ತರುವವರಿಗೆ ಈ ದಾರಿ ಗೊತ್ತಿರಲಿ.

ಬಾಗಿಲಿನಲ್ಲಿ ತಡೆಯಲಾಗದ್ದು

ಇಷ್ಟೆಲ್ಲ ಸೋಸಿದರೂ ಏನಾಗಬಹುದು? 2008ರ ಮೇ 13ರಂದು ಡೆಬಿಯನ್ ಒಂದು ಎಚ್ಚರಿಕೆ ಹೊರಡಿಸಿತು. ಗುಪ್ತಲಿಪಿಯ ಕೆಲಸ ಮಾಡುವ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜಿನಲ್ಲಿ 2006ರಲ್ಲಿ ಯಾವುದೋ ಎಚ್ಚರಿಕೆ ಸಂದೇಶ ಹೋಗಲಾಡಿಸಲು ತೆಗೆದ ಸಾಲಿನಿಂದ, ಊಹಿಸಲಾಗದ ಕೀ ತಯಾರಿಸಲು ಬೇಕಾದ ಯಾದೃಚ್ಛಿಕತೆಯೇ ಹೋಗಿತ್ತು. ಉಳಿದದ್ದು ಪ್ರೋಸೆಸ್ ಸಂಖ್ಯೆ ಮಾತ್ರ. ಹಾಗಾಗಿ ಒಂದು ಬಗೆಯ, ಒಂದು ಅಳತೆಯ ಕೀಗಳಲ್ಲಿ ಸಾಧ್ಯವಿದ್ದದ್ದು ಬರೀ ಮೂವತ್ತೆರಡು ಸಾವಿರ ಚಿಲ್ಲರೆ. ಎಲ್ಲವನ್ನೂ ಮೊದಲೇ ತಯಾರಿಸಿಟ್ಟುಕೊಂಡು ಒಂದೊಂದಾಗಿ ಪ್ರಯತ್ನಿಸಬಹುದು. ಆ ಬದಲಾವಣೆ ಮಾಡಿದ್ದು ಎಲ್ಲ ಪರೀಕ್ಷೆ ಮುಗಿಸಿದ, ಸದುದ್ದೇಶದ ಸದಸ್ಯರೇ. ಸದಸ್ಯತ್ವದ ಪರೀಕ್ಷೆ ತಪ್ಪನ್ನು ತಡೆಯುವುದಿಲ್ಲ. ಅದಕ್ಕೆ ಎರಡನೆಯ ಕಣ್ಣು ಬೇಕು.

ಕಳ್ಳತನವನ್ನೂ ತಡೆಯುವುದಿಲ್ಲ. 2003ರ ನವೆಂಬರಿನಲ್ಲಿ ಸದಸ್ಯರೊಬ್ಬರ ಕದ್ದ ಪಾಸ್‌ವರ್ಡಿನಿಂದ ಒಳನುಗ್ಗಿದವರು, ಸಿಸ್ಟಂನ ತಿರುಳಾದ ಲಿನಕ್ಸ್ ಕರ್ನಲ್‌ನ ದೋಷ ಬಳಸಿ ಡೆಬಿಯನ್‌ನ ಹಲವು ಯಂತ್ರಗಳ ರೂಟ್ ಹಿಡಿದರು. 2006ರ ಜುಲೈನಲ್ಲಿ ಮತ್ತೆ ಅದೇ ಕತೆ, ಇನ್ನೊಬ್ಬ ಸದಸ್ಯರ ಖಾತೆಯಿಂದ. ಪರೀಕ್ಷೆ ಪಾಸಾದದ್ದು ಮನುಷ್ಯ, ಒಳಗೆ ಬಂದದ್ದು ಅವರ ಪಾಸ್‌ವರ್ಡ್.

ಎಲ್ಲಕ್ಕಿಂತ ಕಷ್ಟದ್ದು ತಾಳ್ಮೆಯ ಕೇಡು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದಕ್ಕೆ ಎಕ್ಸ್‌ಝಡ್ ಪ್ರಕರಣ ಸಾಕು. ಕಡತಗಳನ್ನು ಕುಗ್ಗಿಸುವ ಈ ಗ್ರಂಥಾಲಯವನ್ನು (ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಸಿದ್ಧ ಕೋಡನ್ನು) ಲಾಸೆ ಕಾಲಿನ್ ಎಂಬವರು ಬಹುಮಟ್ಟಿಗೆ ಒಬ್ಬರೇ ನೋಡಿಕೊಳ್ಳುತ್ತಿದ್ದರು. 2021ರಿಂದ ‘ಜಿಯಾ ಟ್ಯಾನ್’ ಎಂಬ ಹೆಸರು ಒಳ್ಳೆಯ ಪ್ಯಾಚುಗಳನ್ನು ಕಳಿಸತೊಡಗಿತು. 2022ರಲ್ಲಿ ಬೇರೆ ಕೆಲವು ಅಪರಿಚಿತ ಹೆಸರುಗಳು ‘ಕೆಲಸ ನಿಧಾನ, ಬೇರೆಯವರಿಗೆ ಜವಾಬ್ದಾರಿ ಕೊಡಿ’ ಎಂದು ದಣಿದ ಮೇಂಟೇನರನ್ನು ಚುಚ್ಚಿದವು. ಜಿಯಾ ಟ್ಯಾನ್ ಸಹ-ಮೇಂಟೇನರ್ ಆದ. 2024ರ ಫೆಬ್ರುವರಿ, ಮಾರ್ಚ್‌ನಲ್ಲಿ ಬಂದ 5.6.0, 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಕೂತಿತ್ತು. ಅದನ್ನು ತೆರೆಯುವ ಒಂದು ಕೊಂಡಿ ಎಲ್ಲರೂ ಓದುವ ಕೋಡಿನ ಗಿಟ್ ಭಂಡಾರದಲ್ಲಿ ಇರಲೇ ಇಲ್ಲ, ಬಿಡುಗಡೆಯ ಟಾರ್ ಕಟ್ಟಿನಲ್ಲಿ ಮಾತ್ರ ಇತ್ತು. ಹೊಸ ಆವೃತ್ತಿಯನ್ನು ಬೇಗ ಸೇರಿಸಿ ಎಂದು ಅಪರಿಚಿತ ಹೆಸರೊಂದು ಡೆಬಿಯನ್‌ನಲ್ಲೂ ಬಗ್ ಹಾಕಿತ್ತು. ದೂರದ ಯಂತ್ರಕ್ಕೆ ಹೊಗುವ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರಾಯಂಡ್ ಎಂಬ ಎಂಜಿನಿಯರ್ ಕೆದಕಿ, 2024ರ ಮಾರ್ಚ್ 29ರಂದು ಬಯಲು ಮಾಡಿದರು. ಡೆಬಿಯನ್‌ನ ಟೆಸ್ಟಿಂಗ್, ಅನ್‌ಸ್ಟೇಬಲ್ ಶಾಖೆಗಳಿಗೆ ಅದು ಆಗಲೇ ತಲುಪಿತ್ತು. ಸ್ಟೇಬಲ್ ಆವೃತ್ತಿ ಉಳಿದುಕೊಂಡಿತು.

ಜಿಯಾ ಟ್ಯಾನ್ ಡೆಬಿಯನ್‌ಗೆ ಅರ್ಜಿ ಹಾಕಿರಲಿಲ್ಲ, ಹಾಕಬೇಕಾಗಿಯೂ ಬರಲಿಲ್ಲ. ಡೆಬಿಯನ್ ಬಳಸುವ ಗ್ರಂಥಾಲಯದ ಒಡೆತನ ಸಾಕಾಯಿತು. ಎರಡು ವರ್ಷಕ್ಕೂ ಮಿಕ್ಕಿ ಒಳ್ಳೆಯ ಕೆಲಸ ಮಾಡುವವರನ್ನು ಯಾವ ಪ್ರಶ್ನಾವಳಿಯೂ ಹಿಡಿಯಲಾರದು. ಏಕೆಂದರೆ ಪರೀಕ್ಷಿಸುವುದೇ ‘ದೀರ್ಘಕಾಲ ಒಳ್ಳೆಯ ಕೆಲಸ ಮಾಡಿದ್ದಾರೆಯೇ’ ಎಂಬುದನ್ನು. ಇದರಿಂದ ‘ಹಾಗಾದರೆ ಬಾಗಿಲನ್ನು ಇನ್ನೂ ಬಿಗಿಗೊಳಿಸಿ’ ಎನ್ನುವವರ ವಾದ ಒಪ್ಪುವುದು ಕಷ್ಟ. ಎಕ್ಸ್‌ಝಡ್‌ನಲ್ಲಿ ಕೆಟ್ಟದ್ದು ಬಾಗಿಲು ಸಡಿಲವಿದ್ದದ್ದರಿಂದಲ್ಲ, ಒಳಗೆ ಒಬ್ಬರೇ ಇದ್ದದ್ದರಿಂದ. ಬಾಗಿಲು ಬಿಗಿದಷ್ಟೂ ಒಳಗಿರುವವರು ಒಂಟಿಯಾಗುತ್ತಾರೆ. ಸೋರ್ಸಿನಿಂದ ಕಟ್ಟಿದ ಬೈನರಿಯನ್ನು ಯಾರು ಬೇಕಾದರೂ ಮತ್ತೆ ಕಟ್ಟಿ, ಬಿಟ್ ಬಿಟ್ಟಿಗೂ ತಾಳೆ ನೋಡುವಂತೆ ಮಾಡುವ ‘ರಿಪ್ರೊಡ್ಯೂಸಿಬಲ್ ಬಿಲ್ಡ್ಸ್’ ಕೆಲಸಕ್ಕೆ ಡೆಬಿಯನ್ ವರ್ಷಗಳಿಂದ ಬೆವರು ಸುರಿಸುತ್ತಿದೆ. ಎಕ್ಸ್‌ಝಡ್‌ನಂತೆ ವಿಷ ಸೋರ್ಸ್ ಕಟ್ಟಿನಲ್ಲೇ ಇದ್ದರೆ ಅದೂ ಹಿಡಿಯದು. ಆದರೆ ಕಟ್ಟುವ ಯಂತ್ರದಲ್ಲಿ ಯಾರಾದರೂ ಕೈಯಾಡಿಸಿದರೆ ಹಿಡಿಯುತ್ತದೆ.

ಬೇರೆ ಮನೆಗಳ ರೀತಿ

ಅಪಾಚಿ ಫೌಂಡೇಶನ್ನಿನ ಯೋಜನೆಗಳಲ್ಲಿ ರೀತಿಯೇ ಬೇರೆ. ಅಲ್ಲಿ ಅರ್ಜಿ ಹಾಕುವುದಿಲ್ಲ, ಕರೆದರೆ ಹೋಗುವುದು. ನಿಮ್ಮ ಕೆಲಸ ಗಮನಿಸಿದವರೊಬ್ಬರು ಯೋಜನಾ ಸಮಿತಿಯ ಖಾಸಗಿ ಪತ್ರವ್ಯವಹಾರದಲ್ಲಿ ಹೆಸರು ಸೂಚಿಸುತ್ತಾರೆ. ಕನಿಷ್ಠ 72 ಗಂಟೆ ಮತದಾನ. ಮೂರು ಒಪ್ಪಿಗೆ ಬಿದ್ದು ಯಾರೂ ತಡೆಯದಿದ್ದರೆ, ಕಮಿಟರ್ (ನೇರವಾಗಿ ಕೋಡ್ ಸೇರಿಸುವ ಹಕ್ಕುಳ್ಳವರು) ಆಗುತ್ತೀರಾ ಎಂಬ ಆಹ್ವಾನ ಬರುತ್ತದೆ. ಅಲ್ಲಿಯವರೆಗೆ ನಿಮಗೆ ಸುದ್ದಿಯೇ ಇರುವುದಿಲ್ಲ. ಬೇಡವೆನಿಸಿದರೆ ನಿಮಗೆ ಅವಮಾನವೂ ಇಲ್ಲ. ಒಪ್ಪಿದ ಮೇಲೆ ಕೊಡುಗೆದಾರರ ಪರವಾನಗಿ ಪತ್ರಕ್ಕೆ ಸಹಿ ಮಾಡಬೇಕು. ಪಾಸ್‌ಪೋರ್ಟ್ ಯಾರೂ ಕೇಳುವುದಿಲ್ಲ. ಕೊರತೆ ಏನೆಂದರೆ, ಸದ್ದಿಲ್ಲದೆ ಕೆಲಸ ಮಾಡುವವರು ಯಾರ ಕಣ್ಣಿಗೂ ಬೀಳದೆ ಉಳಿದುಬಿಡಬಹುದು.

ಲಿನಕ್ಸ್ ಕರ್ನಲ್‌ನಲ್ಲಿ ಸದಸ್ಯತ್ವವೇ ಇಲ್ಲ. ಪ್ಯಾಚ್ ಕಳಿಸುವವರು ‘ಇದನ್ನು ಕೊಡುವ ಹಕ್ಕು ನನಗಿದೆ’ ಎಂದು ಕೊನೆಯಲ್ಲಿ ಹೆಸರಿನ ಸಾಲು ಸೇರಿಸಬೇಕು. ಕೋಡಿನ ಹಕ್ಕಿನ ವಿಷಯದಲ್ಲಿ ಎಸ್‌ಸಿಒ ಕಂಪನಿ ಕೋರ್ಟಿಗೆ ಹೋದ ಗಲಾಟೆಯ ನಂತರ, 2004ರಲ್ಲಿ ಬಂದ ಪದ್ಧತಿ ಅದು. ಅಲ್ಲಿ ಕೋಡ್ ಒಬ್ಬರಿಂದ ಒಬ್ಬರಿಗೆ ಮೇಲೇರುತ್ತದೆ, ಪ್ರತಿ ಮೆಟ್ಟಿಲಿನಲ್ಲೂ ಒಬ್ಬರು ಓದುತ್ತಾರೆ. 2011ರಲ್ಲಿ ಕರ್ನಲ್‌ನ ಸರ್ವರಿಗೆ ಕನ್ನ ಬಿದ್ದ ಮೇಲೆ, ಖಾತೆ ಬೇಕಾದವರ ಪಿಜಿಪಿ ಕೀಗೆ ಇತರ ಡೆವಲಪರುಗಳ ಸಹಿ ಇರಬೇಕೆಂಬ ನಿಯಮ ಅಲ್ಲೂ ಬಂತು.

ಒಳಗೆ ಬಂದ ಮೇಲೆ

ಡೆಬಿಯನ್‌ಗೇ ಮರಳೋಣ. ಅಕೌಂಟ್ ಮ್ಯಾನೇಜರುಗಳು ಒಪ್ಪಿದ ದಿನವೇ ಅಪ್‌ಲೋಡ್ ಮಾಡಲು ಹೋಗಿ ‘ಗುರುತಿಲ್ಲದ ಸಹಿ’ ಎಂಬ ಉತ್ತರ ಪಡೆದು ಕಂಗಾಲಾಗುವವರಿದ್ದಾರೆ. ಕೀರಿಂಗ್ ಹೊಸದಾಗುವುದು ಸಾಮಾನ್ಯವಾಗಿ ತಿಂಗಳಿಗೊಮ್ಮೆ. ಅಲ್ಲಿಯವರೆಗೆ ಕಾಯಬೇಕು.

ಅದೇ ಕಾರಣಕ್ಕೆ ಇನ್ನೊಂದು ಪೆಟ್ಟು ಹಳಬರಿಗೂ ಬೀಳುತ್ತದೆ. ಕೀಗೆ ಒಂದೆರಡು ವರ್ಷದ ಅವಧಿ ಇಟ್ಟುಕೊಳ್ಳುವುದು ಒಳ್ಳೆಯದೇ. ಕೀ ಕಳೆದುಹೋದರೂ ತಾನಾಗಿ ಸಾಯುತ್ತದೆ. ಆದರೆ ಅವಧಿ ಮುಗಿಯುವ ದಿನ ನೆನಪಾಗಿ, ವಿಸ್ತರಿಸಿ, ಸಾರ್ವಜನಿಕ ಕೀಸರ್ವರಿಗೆ ಮಾತ್ರ ಕಳಿಸಿದರೆ ಪ್ರಯೋಜನವಿಲ್ಲ. ಡೆಬಿಯನ್‌ನದೇ ಕೀಸರ್ವರಿಗೆ, ಅದೂ ತಿಂಗಳ ನವೀಕರಣಕ್ಕೆ ಮೊದಲು ಕಳಿಸಿರಬೇಕು. ಅವಧಿ ಮುಗಿಯಲು ಎರಡು ತಿಂಗಳಿರುವಾಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಮುಖ್ಯ ಕೀಯನ್ನು ನೆಟ್ ಸಂಪರ್ಕವಿಲ್ಲದ ಕಡೆ ಇಟ್ಟು, ದಿನದ ಕೆಲಸಕ್ಕೆ ಉಪಕೀ ಬಳಸಿ. ರದ್ದತಿ ಪ್ರಮಾಣಪತ್ರವನ್ನು ಅಚ್ಚು ಹಾಕಿ ಮನೆಯ ಕಾಗದಪತ್ರಗಳ ಜೊತೆ ಇಡಿ. ಕೀ ಪೂರ್ತಿ ಕಳೆದುಹೋದರೆ ಹೊಸ ಕೀಗೆ ಸಹಿ ಹುಡುಕಿಕೊಂಡು ಮತ್ತೆ ಡಿಡಿಗಳ ಮನೆಬಾಗಿಲಿಗೆ ಹೋಗಬೇಕಾದೀತು.

ಕೆಲಸ ಬಿಡುವವರಿಗೂ ಪದ್ಧತಿಯಿದೆ. ಹೊರಡುತ್ತೇನೆ ಎಂದು ಹೇಳಿ ನಿವೃತ್ತ ಸದಸ್ಯರಾದರೆ ಕೀಯನ್ನು ತೆಗೆಯುತ್ತಾರೆ, ಮುಂದೊಮ್ಮೆ ಮರಳಿದರೆ ದಾರಿ ಚಿಕ್ಕದು. ಹೇಳದೆ ಕಾಣೆಯಾದವರನ್ನು ಹುಡುಕಲು ಒಂದು ತಂಡವೇ ಇದೆ. ಇದ್ದೀರಾ ಎಂದು ಪತ್ರ ಬರೆಯುತ್ತಾರೆ, ಉತ್ತರವಿಲ್ಲದಿದ್ದರೆ ಮತ್ತೆ ಬರೆಯುತ್ತಾರೆ, ಅವರ ಪ್ಯಾಕೇಜುಗಳನ್ನು ಅನಾಥವೆಂದು ಸಾರುತ್ತಾರೆ, ಕೊನೆಗೆ ಖಾತೆ ಮುಚ್ಚುತ್ತಾರೆ. ಯಾರೂ ಬಳಸದ ಕೀ ಕೀರಿಂಗಿನಲ್ಲಿ ಬಿದ್ದಿದ್ದರೆ ಅದು ಕದಿಯುವವರಿಗೆ ಮಾತ್ರ ಉಪಯೋಗ. ಅನಾಥವಾದ ಆ ಪ್ಯಾಕೇಜುಗಳ ಪಟ್ಟಿ ಎಲ್ಲರಿಗೂ ಕಾಣುವಂತೆ ತೆರೆದಿರುತ್ತದೆ. ಮೊದಲ ಕೆಲಸ ಯಾವುದು ಹಿಡಿಯಲಿ ಎಂದು ಕೇಳುವ ಹೊಸಬರಿಗೆ ಹಳಬರು ಸಾಮಾನ್ಯವಾಗಿ ತೋರಿಸುವುದೂ ಅದನ್ನೇ.